ಕಕ್ಷಿದಾರರಿಗೆ ಮತವಿಲ್ಲ

ವಕೀಲ ಮಿತ್ರರೇ,

ಫೀಸು ಕೊಡಲಾಗದೆ ಕೈಮುಗಿದು ನಿಂತವನ ಕೇಸನ್ನು ‘ಆಮೇಲೆ ನೋಡೋಣ ಹೋಗಯ್ಯ’ ಎಂದು ಗದರುತ್ತಲೇ ಕೊನೆಯವರೆಗೂ ನಡೆಸಿಕೊಟ್ಟವರು ನೀವು. ಹಿರಿಯರ ಚೇಂಬರಿನಲ್ಲಿ ಬಸ್ ಚಾರ್ಜಿಗಾಗುವಷ್ಟೇ ದುಡ್ಡು ಪಡೆದು ವರ್ಷಗಟ್ಟಲೆ ಕೆಲಸ ಕಲಿತವರು, ಜಾಮೀನು ಸಿಕ್ಕ ಹುಡುಗನ ತಾಯಿ ಕಾಲಿಗೆ ಬೀಳಲು ಬಂದಾಗ ಸಂಕೋಚದಿಂದ ಹಿಂದೆ ಸರಿದವರು, ರಾತ್ರಿ ಹನ್ನೊಂದಕ್ಕೂ ಕಡತ ಬಿಡಿಸಿಕೊಂಡು ಕೂತವರು. ನಿಮ್ಮಲ್ಲಿ ಮೋಸ ಮಾಡುವವರೂ ಇದ್ದಾರೆ, ಆದರೆ ಅವರೊಂದಿಗೆ ನನಗೆ ಮಾತಿಲ್ಲ. ಈ ಮಾತು ನಿಮ್ಮೊಂದಿಗೆ, ಯಾಕೆಂದರೆ ನಿಮಗೆ ಗೊತ್ತು.

ನಿಮ್ಮದೇ ವಕೀಲರ ಸಂಘದಲ್ಲಿ, ನೀವು ಕಾಫಿ ಕುಡಿಯುವ ಅದೇ ಮೇಜಿನ ಆ ತುದಿಯಲ್ಲಿ, ದಾವೆ ಹೂಡುತ್ತೇನೆಂದು ದುಡ್ಡು ತೆಗೆದುಕೊಂಡು ಹೂಡದೇ ಇರುವವರು ಯಾರೆಂದು ನಿಮಗೆ ಗೊತ್ತು. ಅಪಘಾತ ಪರಿಹಾರದ ಕೇಸಿನಲ್ಲಿ ಬರುವ ಹಣದಲ್ಲಿ ಇಷ್ಟು ಪಾಲು ತನಗೆ ಎಂದು ಮೊದಲೇ ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವವರು ಯಾರೆಂದು ನಿಮಗೆ ಗೊತ್ತು. ಅವರ ಕಕ್ಷಿದಾರರೊಬ್ಬರು ದಾರಿತಪ್ಪಿ ನಿಮ್ಮ ಬಳಿ ಬಂದಾಗ, ವಕಾಲತ್ತಿನ ಮೇಲಿನ ಹೆಸರು ನೋಡಿ ‘ಅಯ್ಯೋ, ಇವರ ಹತ್ರ ಯಾಕಮ್ಮ ಹೋದ್ರಿ’ ಎಂದು ಒಂದು ನಿಟ್ಟುಸಿರು ಬಿಡುತ್ತೀರಿ, ಆಮೇಲೆ ‘ಮೊದಲು ಅವರಿಂದ ಎನ್‌ಒಸಿ ತನ್ನಿ, ನೋಡೋಣ’ ಎಂದು ಕಳಿಸುತ್ತೀರಿ. ಆಕೆ ಎಲ್ಲಿಗೆ ಹೋಗುತ್ತಾಳೆಂದು ನೀವು ಕೇಳುವುದಿಲ್ಲ.

ನಾನು ಆಕೆಯ ಹೆಸರು ಹೇಳುವುದಿಲ್ಲ, ಹೇಳಿದರೆ ಆಕೆ ಒಬ್ಬಳೇ ಆಗಿಬಿಡುತ್ತಾಳೆ. ತವರಿನ ಜಮೀನಿನಲ್ಲಿ ಪಾಲು ಕೇಳಿದವಳು ಅವಳು, ಜೀವನಾಂಶ ಕೇಳಿದವಳೂ ಅವಳೇ, ಲಾರಿ ಗುದ್ದಿ ಸತ್ತ ಗಂಡನ ಪರಿಹಾರಕ್ಕೆ ಅಲೆಯುವವಳೂ ಅವಳೇ. ಬೆಳಗಿನ ಮೊದಲ ಬಸ್ಸು ಹಿಡಿದು, ಆ ದಿನದ ಕೂಲಿ ಬಿಟ್ಟು, ಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪಹಣಿಯನ್ನೂ ರಸೀತಿಗಳನ್ನೂ ಸುತ್ತಿಕೊಂಡು ಬಂದು, ಹೆಸರು ಕೂಗುವ ತನಕ ಗೋಡೆಗೊರಗಿ ನಿಂತು, ಕೂಗಿದಾಗ ತನ್ನ ವಕೀಲರು ಕಾಣದೆ ಗಾಬರಿಯಾಗಿ, ‘ವಾಯಿದೆ ಬಿತ್ತು, ಹೋಗಿ’ ಎಂಬ ಮಾತು ಕೇಳಿ, ಮತ್ತೆ ಅದೇ ಬಸ್ಸಿಗೆ ಕಾಯುವ ಜನ ಎಷ್ಟು ಎಂದು ಯಾವ ನ್ಯಾಯಾಲಯದ ಅಂಗಳದಲ್ಲಾದರೂ ಒಂದು ಮುಂಜಾನೆ ನಿಂತು ನೋಡಿ. ಇವರಿಗೆ ಕಾನೂನಿನ ಭಾಷೆ ಬರುವುದಿಲ್ಲ. ಅವರ ಬಾಯಿ ನೀವು, ಹಾಗೆಂದೇ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ್ದಾರೆ. ಆ ಬಾಯಿಯೇ ಸುಳ್ಳು ಹೇಳಿದರೆ ಅವರು ದೂರುವುದಾದರೂ ಯಾರ ಬಾಯಿಂದ?

ದೂರಲು ಒಂದು ಮನೆಯಿದೆ. 1951ರಲ್ಲಿ ನ್ಯಾಯಮೂರ್ತಿ ಎಸ್.ಆರ್. ದಾಸ್ ನೇತೃತ್ವದ ಅಖಿಲ ಭಾರತ ವಕೀಲರ ಸಮಿತಿ ಕೂತು, 1953ರಲ್ಲಿ ವರದಿ ಕೊಟ್ಟು, ಅದರ ಫಲವಾಗಿ 1961ರಲ್ಲಿ ವಕೀಲರ ಕಾಯ್ದೆ ಬಂತು. ರಾಜ್ಯಕ್ಕೊಂದು ವಕೀಲರ ಪರಿಷತ್ತು, ಅದರ ಮೇಲೆ ಭಾರತೀಯ ವಕೀಲರ ಪರಿಷತ್ತು, ಅದರ ಮೊದಲ ಅಧ್ಯಕ್ಷರು ಎಂ.ಸಿ. ಸೆಟಲ್ವಾಡ್. ಸನ್ನದು ಕೊಡುವುದು, ನಡತೆಯ ನಿಯಮ ಬರೆಯುವುದು, ತಪ್ಪಿದವರನ್ನು ವಿಚಾರಿಸುವುದು, ಕಾನೂನು ಶಿಕ್ಷಣದ ಮಟ್ಟ ಕಾಯುವುದು ಎಲ್ಲವೂ ವಕೀಲರ ಕೈಗೇ ಬಂತು. ಅದಕ್ಕೆ ಮುಂಚೆ, 1926ರ ಕಾಯ್ದೆಯ ಕಾಲದಲ್ಲಿ, ಶಿಸ್ತಿನ ಕೊನೆಯ ಮಾತು ಹೈಕೋರ್ಟಿನದಾಗಿತ್ತು. ಸರ್ಕಾರದ ವಿರುದ್ಧ ಎದ್ದು ನಿಂತು ವಾದಿಸಬೇಕಾದವರ ಸನ್ನದು ಸರ್ಕಾರದ ಮುಷ್ಟಿಯಲ್ಲಿರಬಾರದು ಎಂಬ ಆ ತಿಳಿವಳಿಕೆ ದೊಡ್ಡದು. ಅದನ್ನು ನಾನು ಇವತ್ತಿಗೂ ಪೂರ್ತಿ ಒಪ್ಪುತ್ತೇನೆ. ಆದರೆ ಆ ಅಧಿಕಾರವನ್ನು ನಿಮಗೆ ಕೊಟ್ಟದ್ದು ಈ ದೇಶದ ಜನ, ಅವರ ಸಂಸತ್ತಿನ ಮೂಲಕ, ನೀವು ನಿಮ್ಮವರನ್ನು ನೀವೇ ತಿದ್ದಿಕೊಳ್ಳುತ್ತೀರೆಂಬ ನಂಬಿಕೆಯ ಮೇಲೆ.

ಆ ಮನೆಯ ಒಳಗೆ ಏನಿದೆ ನೋಡಿ. ರಾಜ್ಯ ಪರಿಷತ್ತಿನ ಸದಸ್ಯರನ್ನು ಆರಿಸುವವರು ವಕೀಲರು. ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ಇಪ್ಪತ್ತೈದು ಜನ, ಜಿಲ್ಲೆ ಜಿಲ್ಲೆಯ ಸಂಘಗಳನ್ನು ಸುತ್ತಿ ಮತ ಕೇಳಿ ಗೆದ್ದು ಬರುತ್ತಾರೆ. ಅವರೊಳಗಿನ ಇಬ್ಬರು, ಜೊತೆಗೆ ಹೊರಗಿನ ಒಬ್ಬ ಹಿರಿಯ ವಕೀಲರು, ಹೀಗೆ ಮೂವರದು ಶಿಸ್ತು ಸಮಿತಿ. ದೂರು ಯಾರ ಮೇಲೆ ಬಂದಿದೆಯೋ ಅವರಿಗೆ ಮತವಿದೆ, ಅವರ ಗೆಳೆಯರಿಗೆ, ಜೂನಿಯರುಗಳಿಗೆ, ಅವರ ಸಂಘಕ್ಕೆ ಮತವಿದೆ. ದೂರು ಕೊಟ್ಟ ಆಕೆಗೆ ಮತವಿಲ್ಲ. ಆ ಮೂವರಲ್ಲಿ ಆಕೆಯ ಕಡೆಯಿಂದ, ವಕೀಲರಲ್ಲದ ಒಬ್ಬ ಸಾಮಾನ್ಯರೂ ಕೂರುವುದಿಲ್ಲ.

ಕಾಯ್ದೆಯ 36ಬಿ ಕಲಮು ಒಂದು ವರ್ಷದ ಗಡುವು ಇಟ್ಟಿದೆ. ವರ್ಷದೊಳಗೆ ದೂರು ತೀರದಿದ್ದರೆ ಅದು ದೆಹಲಿಗೆ, ಭಾರತೀಯ ಪರಿಷತ್ತಿಗೆ ಹೋಗುತ್ತದೆ. ಹೀಗೆ ಹೋಗಿ ಬೀಳುವ ದೂರುಗಳ ಹೊರೆ ಕಂಡು, ಗಡುವನ್ನು ಪಾಲಿಸಿ ಎಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ತುಮಕೂರಿಗೆ ಹೋಗಿಬರಲು ಸಾಲ ಮಾಡಿದವಳಿಗೆ ದೆಹಲಿ ಎಷ್ಟು ದೂರವೆಂದು ನಾನು ಹೇಳಬೇಕಾಗಿಲ್ಲ. ಎಲ್ಲ ದಾಟಿ ಆಕೆ ಗೆದ್ದಳೆನ್ನಿ. 35ನೇ ಕಲಮಿನಲ್ಲಿರುವುದು ಛೀಮಾರಿ, ಅಮಾನತು, ಇಲ್ಲವೇ ಪಟ್ಟಿಯಿಂದ ಹೆಸರು ತೆಗೆಯುವುದು. ಕಾಲಮಿತಿ ಮೀರಿ ಸತ್ತ ಆಕೆಯ ದಾವೆಗೆ ಪರಿಹಾರ ಕೊಡಿಸುವ ಮಾತು ಅಲ್ಲಿಲ್ಲ.

ಇಷ್ಟಾದರೂ ಒಂದು ಕಾಲಕ್ಕೆ ಪಕ್ಕದ ಬಾಗಿಲೊಂದು ತೆರೆದಿತ್ತು. ವಕೀಲರ ಸೇವೆಯಲ್ಲಿನ ಲೋಪಕ್ಕೂ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ಹೇಳಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ವಕೀಲಿಕೆ ವ್ಯಾಪಾರವಲ್ಲ, ಅದು ತನ್ನದೇ ಬಗೆಯ ವೃತ್ತಿ, ವಕೀಲರು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ತೀರ್ಪು ಬಂದ ದಿನ ನೀವು ನೆಮ್ಮದಿಯ ಉಸಿರು ಬಿಟ್ಟಿರಿ. ಬಿಡಬಾರದಿತ್ತೆಂದು ನಾನು ಹೇಳುತ್ತಿಲ್ಲ, ಸೋತ ಪ್ರತಿ ಕಕ್ಷಿದಾರನೂ ಗ್ರಾಹಕ ವೇದಿಕೆಗೆ ಓಡಿದರೆ ವಕೀಲರು ನಿರ್ಭಯವಾಗಿ ವಾದಿಸುವುದಾದರೂ ಹೇಗೆ? ಆದರೆ ವೃತ್ತಿ ಎಂಬ ಗೌರವ ಪಡೆದವರು ವೃತ್ತಿಯ ಭಾರವನ್ನೂ ಹೊರಬೇಕಲ್ಲವೇ? ಅಂದಿನಿಂದ ಬಡ ಕಕ್ಷಿದಾರಳಿಗೆ ಉಳಿದಿರುವ ಹತ್ತಿರದ ಬಾಗಿಲು ನಿಮ್ಮ ಪರಿಷತ್ತಿನದು, ಅದರ ಚಿಲಕ ನಿಮ್ಮ ಕೈಯಲ್ಲಿದೆ, ಮತ್ತು ಆಕೆಗೆ ಮತವಿಲ್ಲ.

ಆ ಬಾಗಿಲು ಚೆನ್ನಾಗಿ ತೆರೆದುಕೊಂಡ ದಿನಗಳೂ ಇವೆ, ಅದನ್ನು ಮರೆತರೆ ಅನ್ಯಾಯ. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮದ್ರಾಸಿನ ರಂಗದುರೈ ಪ್ರಕರಣ ನಿಮಗೆ ಪಾಠದಲ್ಲಿ ಬಂದದ್ದೇ. ಪ್ರಾಮಿಸರಿ ನೋಟಿನ ಹಣಕ್ಕಾಗಿ ದಾವೆ ಹೂಡಿಸಲು ಬಂದ, ಕಿವಿ ಕೇಳಿಸದ ಒಬ್ಬ ವೃದ್ಧರಿಗೂ ಅವರ ಹೆಂಡತಿಗೂ ದಾವೆ ನಡೆಯುತ್ತಿದೆಯೆಂದು ನಂಬಿಸಿ, ಕಾಲಮಿತಿ ಕಳೆಯುವ ತನಕ ಸುಮ್ಮನಿದ್ದ ವಕೀಲರನ್ನು ಪರಿಷತ್ತೇ ವಿಚಾರಿಸಿ ಶಿಕ್ಷಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಶಿಕ್ಷೆಯನ್ನು ಬಡವರಿಗೆ ಉಚಿತ ಕಾನೂನು ಸೇವೆ ಮಾಡುವ ಪ್ರಾಯಶ್ಚಿತ್ತವಾಗಿ ತಿರುಗಿಸಿದರು. 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ, ಫೀಸು ಬಾಕಿಯಿದೆಯೆಂದು ಕಕ್ಷಿದಾರರ ಕಡತವನ್ನು ಒತ್ತೆ ಇಟ್ಟುಕೊಳ್ಳುವುದು ವೃತ್ತಿ ದುರ್ನಡತೆ ಎಂದು ಖಚಿತವಾಯಿತು. ಅಲ್ಲಿ ಕಕ್ಷಿದಾರ ಒಂದು ಸಹಕಾರಿ ಬ್ಯಾಂಕು, ದೂರಿನ ಬೆನ್ನು ಬಿಡದೆ ಓಡಾಡುವ ಶಕ್ತಿ ಅದಕ್ಕಿತ್ತು. ತೀರ್ಪು ಬಂದು ಕಾಲು ಶತಮಾನ ಕಳೆಯಿತು. ಇವತ್ತಿಗೂ ಎಷ್ಟು ಬೀರುಗಳಲ್ಲಿ ಎಷ್ಟು ಬಡವರ ಮೂಲ ಪತ್ರಗಳು ಒತ್ತೆಬಿದ್ದಿವೆ ಎಂಬುದು ನಿಮಗೆ ಗೊತ್ತು.

ಕಲಾಪ ಬಹಿಷ್ಕಾರದ ಮಾತನ್ನೂ ಆಡಲೇಬೇಕು, ಇದು ನೋವಿನ ಜಾಗ. ಮುಷ್ಕರ ಹೂಡುವ ಹಕ್ಕು ವಕೀಲರಿಗಿಲ್ಲ ಎಂದು 2002ರ ಹರೀಶ್ ಉಪ್ಪಲ್ ತೀರ್ಪು ಹೇಳಿತು. ಡೆಹ್ರಾಡೂನ್ ಜಿಲ್ಲೆಯಲ್ಲಿ 2012ರಿಂದ 2016ರವರೆಗೆ 455 ದಿನ, ಹರಿದ್ವಾರದಲ್ಲಿ 515 ದಿನ ವಕೀಲರು ಮುಷ್ಕರದಲ್ಲಿದ್ದರೆಂದು 2017ರ ಕಾನೂನು ಆಯೋಗದ 266ನೇ ವರದಿ ಲೆಕ್ಕ ಕೊಟ್ಟಿತು. ಉತ್ತರಾಖಂಡದ ಆ ಜಿಲ್ಲೆಗಳಲ್ಲಿ ಮೂವತ್ತೈದು ವರ್ಷಕ್ಕೂ ಮೀರಿ ಪ್ರತಿ ಶನಿವಾರ ಕಲಾಪಕ್ಕೆ ಗೈರಾಗುವುದೇ ರೂಢಿಯಾಗಿತ್ತೆಂಬುದು 2020ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ನೇಪಾಳದ ಭೂಕಂಪ, ಶ್ರೀಲಂಕಾದ ಸಂವಿಧಾನ ತಿದ್ದುಪಡಿ ಕೂಡ ಅಲ್ಲಿ ಕಲಾಪ ನಿಲ್ಲಿಸಲು ಕಾರಣವಾಗಿದ್ದವು. ಅದು ಉತ್ತರದ ಕತೆ ಎನ್ನಬೇಡಿ. ನಮ್ಮಲ್ಲೂ ‘ಇವತ್ತು ಬಾಯ್ಕಾಟ್’ ಎಂಬ ಮಾತಿಗೆ ಜಾಮೀನು ಅರ್ಜಿ ಮುಂದಕ್ಕೆ ಹೋದ ವಿಚಾರಣಾಧೀನ ಕೈದಿ ಇನ್ನೊಂದು ವಾರ ಒಳಗೇ ಮಲಗಿದ್ದಾನೆ. ನಿಮ್ಮ ಅಹವಾಲು ನಿಜವೇ ಇದ್ದೀತು, ಆದರೆ ಅದಕ್ಕೆ ಬೆಲೆ ತೆತ್ತವನನ್ನು ಯಾರೂ ಕೇಳಲಿಲ್ಲ. ಆತನಿಗೂ ಮತವಿಲ್ಲ.

ಇನ್ನು ಹುಬ್ಬಳ್ಳಿ. 2020ರ ಫೆಬ್ರುವರಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಗಳು ಕಾನೂನುಬಾಹಿರ, ಅವಕ್ಕೆ ಬೆಲೆಯಿಲ್ಲ ಎಂದು ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಬಂದ ಕೇಸನ್ನು ವಕೀಲ ಒಪ್ಪಿಕೊಳ್ಳಬೇಕೆಂಬುದು ಭಾರತೀಯ ಪರಿಷತ್ತಿನದೇ ನಡತೆಯ ನಿಯಮ. ಆದರೂ ಹೈಕೋರ್ಟು ಕಟುವಾಗಿ ಪ್ರಶ್ನಿಸಬೇಕಾಯಿತು, ಬೆಂಗಳೂರಿನಿಂದ ಹೋದ ವಕೀಲರು ಧಾರವಾಡದ ನ್ಯಾಯಾಲಯಕ್ಕೆ ಪೊಲೀಸ್ ಕಾವಲಿನಲ್ಲಿ ಹೋಗಿ ಅರ್ಜಿ ಹಾಕಬೇಕಾಯಿತು. ಆ ಹುಡುಗರು ತಪ್ಪಿತಸ್ಥರೋ ಅಲ್ಲವೋ ಎಂಬ ಚರ್ಚೆ ನನಗಿಲ್ಲಿ ಬೇಡ, ಅದನ್ನು ತೀರ್ಮಾನಿಸಲೆಂದೇ ನ್ಯಾಯಾಲಯವಿದೆ, ಅಲ್ಲಿ ಅವರ ಪಕ್ಕ ನಿಲ್ಲಲೆಂದೇ ನೀವಿದ್ದೀರಿ. ಕಲ್ಲುತೂರಾಟ, ಬೈಗುಳಗಳ ನಡುವೆ ನಡೆದು ಹೋದ ಆ ವಕೀಲರೂ ನಿಮ್ಮವರೇ. ಉಳಿದ ಸಾವಿರಾರು ಕರಿಕೋಟುಗಳು ಅಂದು ಮನೆಯಲ್ಲೇ ಉಳಿದವು. ಅವನ್ನು ತೊಟ್ಟವರಲ್ಲಿ ಒಳ್ಳೆಯವರೇ ಹೆಚ್ಚಿದ್ದರೆಂದು ನಾನು ನಂಬುತ್ತೇನೆ, ಸಂಕಟವೂ ಅದೇ.

ಒಗ್ಗಟ್ಟಾಗಲು ನಿಮಗೆ ಬರುವುದಿಲ್ಲವೆಂದಲ್ಲ. 2023ರ ನವೆಂಬರಿನ ಕೊನೆಯಲ್ಲಿ ಚಿಕ್ಕಮಗಳೂರಿನ ಯುವ ವಕೀಲರೊಬ್ಬರನ್ನು ಪೊಲೀಸರು ಥಳಿಸಿದಾಗ ರಾಜ್ಯವೇ ಅಲುಗುವಂತೆ ಎದ್ದಿರಿ, ಡಿಸೆಂಬರ್ ಮುಗಿಯುವುದರೊಳಗೆ ವಕೀಲರ ಮೇಲಿನ ಹಿಂಸಾಚಾರ ತಡೆಯುವ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಆ ಸಿಟ್ಟು ನ್ಯಾಯವಾದದ್ದು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭಾರತೀಯ ಪರಿಷತ್ತಿಗೆ ತನ್ನ ನಾಮನಿರ್ದೇಶಿತರನ್ನು ಕಳಿಸುವ ಕರಡು ತಂದಾಗಲೂ ನೀವು ಎದ್ದಿರಿ, ಕರಡು ವಾಪಸಾಯಿತು. ಅದೂ ಸರಿಯಾದದ್ದೇ. ಸರ್ಕಾರವನ್ನು ಬಾಗಿಲಾಚೆ ನಿಲ್ಲಿಸಬಲ್ಲ ನಿಮಗೆ, ಬಾಗಿಲೊಳಗಿನ ದೂಳು ಕಾಣಲಿ ಎಂಬುದಷ್ಟೇ ನನ್ನ ಬೇಡಿಕೆ. ಆ ಕರಡು ಇನ್ನೊಂದು ರೂಪದಲ್ಲಿ ಮತ್ತೆ ಬಂದೀತು, ‘ಇವರು ತಮ್ಮವರನ್ನು ತಿದ್ದಿಕೊಳ್ಳಲಾರರು’ ಎಂಬ ವಾದವನ್ನು ಜೊತೆಗೇ ತಂದೀತು. ಅಂದು ನಿಮ್ಮ ಪರವಾಗಿ ನಿಲ್ಲಬೇಕಾದದ್ದು ಈ ಜನವೇ. ವಾಯಿದೆಯ ಮೇಲೆ ವಾಯಿದೆ ಕಂಡ ಆಕೆ ಅಂದು ಯಾಕೆ ನಿಲ್ಲಬೇಕು, ಹೇಳಿ.

ಮತ್ತೆ ಪರಿಷತ್ತಿನ ಚುನಾವಣೆ ಬರುತ್ತದೆ. ಅಭ್ಯರ್ಥಿಗಳು ನಿಮ್ಮ ಸಂಘದ ಸಭಾಂಗಣಕ್ಕೆ ಬಂದು ಕೈಮುಗಿಯುತ್ತಾರೆ, ಕಲ್ಯಾಣ ನಿಧಿಯ, ವಿಮೆಯ, ಹೊಸ ಭವನದ ಮಾತಾಡುತ್ತಾರೆ. ಅವೂ ಬೇಕು, ಕಾಯಿಲೆ ಬಿದ್ದ ಜೂನಿಯರಿನ ಕಷ್ಟ ಸಣ್ಣದಲ್ಲ. ಅವರ ಮಾತು ಮುಗಿದ ಮೇಲೆ ನಿಮ್ಮಲ್ಲಿ ಒಬ್ಬರು, ಒಬ್ಬರಾದರೂ ಎದ್ದು ಕೇಳಿ: ಕಳೆದ ಅವಧಿಯಲ್ಲಿ ಎಷ್ಟು ದೂರು ಬಂದವು, ವರ್ಷದೊಳಗೆ ಎಷ್ಟು ತೀರಿದವು, ಎಷ್ಟು ದೆಹಲಿಗೆ ಹೋದವು, ಆ ಲೆಕ್ಕವನ್ನು ಕನ್ನಡದಲ್ಲಿ ಪ್ರತಿ ನ್ಯಾಯಾಲಯದ ಗೋಡೆಗೆ ಅಂಟಿಸುತ್ತೀರಾ, ದೂರು ಕೊಡುವುದು ಹೇಗೆಂಬುದನ್ನು ಓದು ಬಾರದವರಿಗೂ ತಿಳಿಯುವಂತೆ ಹೇಳುತ್ತೀರಾ, ಶಿಸ್ತು ಸಮಿತಿಯಲ್ಲಿ ವಕೀಲರಲ್ಲದ ಒಬ್ಬರನ್ನು ಕೂರಿಸಲು ಕಾಯ್ದೆ ತಿದ್ದಿ ಎಂದು ನೀವೇ ಒತ್ತಾಯಿಸುತ್ತೀರಾ? ಆಕೆಗಿಲ್ಲದ ಮತ ನಿಮ್ಮ ಬಳಿ ಇದೆ. ಒಮ್ಮೆ ಅದನ್ನು ಆಕೆಗಾಗಿ ಹಾಕಿ.

ಅಲ್ಲಿಯವರೆಗೂ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನಾಳೆಯೋ ನಾಡಿದ್ದೋ ಇನ್ನೊಬ್ಬರ ವಕಾಲತ್ತು ಹಿಡಿದ ಒಬ್ಬ ಕಕ್ಷಿದಾರಳು ನಿಮ್ಮ ಮೇಜಿನ ಮುಂದೆ ನಿಲ್ಲುತ್ತಾಳೆ. ‘ಎನ್‌ಒಸಿ ತನ್ನಿ’ ಎಂದು ಕಳಿಸುವ ಬದಲು ಎದ್ದು ಆಕೆಯ ಜೊತೆ ಆ ತುದಿಯ ಮೇಜಿಗೆ ನಡೆಯಿರಿ, ಫೈಲು ಕೊಟ್ಟುಬಿಡಿ ಸರ್ ಎಂದು ನಿಮ್ಮ ಸಹೋದ್ಯೋಗಿಗೆ ಎಲ್ಲರೆದುರೂ ಹೇಳಿ. ಕೊಡಲಿಲ್ಲವೆಂದರೆ ಆಕೆಯ ದೂರನ್ನು ನೀವೇ ಬರೆದುಕೊಡಿ, ಬರೆದವರ ಹೆಸರು ವಿಳಾಸ ಇರುವ ಜಾಗದಲ್ಲಿ ನಿಮ್ಮದನ್ನು ಹಾಕಿ, ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿರುವ ಪರಿಷತ್ತಿನ ಕಚೇರಿಗೆ ಈ ವಾರವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.