ನಕ್ಷೆಯಲ್ಲಿ ಇಲ್ಲದ ಬೀದಿ

ನಾನು ಸೇವೆಯಲ್ಲಿದ್ದಾಗ ಒಂದು ಪಟ್ಟಣದ ನೀರು ಸರಬರಾಜು ಅಂದಾಜುಪಟ್ಟಿಗೆ ಸಹಿ ಹಾಕಿದ್ದೆ. ಕೊಳವೆ ಮಾರ್ಗ ಒಂದು ಕೊಳಗೇರಿಯ ಬಾಯಿಗೆ ಬಂದು ನಿಂತುಹೋಯಿತು. ಆ ಬೀದಿ ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಜನ ಮಾತ್ರ ಎಷ್ಟೋ ವರ್ಷಗಳಿಂದ ಅಲ್ಲೇ ಇದ್ದರು. ನಾನು ಕಾಗದ ನೋಡಿದ್ದೆ, ನೆಲ ನೋಡಿರಲಿಲ್ಲ. ತಪ್ಪು ನನ್ನದೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂತಹ ಊರುಗಳಲ್ಲಿ ಕೊಳಗೇರಿಯ ಜನ ಸಂಘ ಕಟ್ಟಿಕೊಂಡು ಮನೆ, ನೀರು, ಚರಂಡಿ ಕೇಳಿದರೆ ‘ಇದೇನು ಗಲಾಟೆ’ ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹೊರುವವರು, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದುಡಿಯುವವರು, ಮಾಲೂರಿನಲ್ಲಿ ಇಟ್ಟಿಗೆ ಸುಡುವವರು ಎಲ್ಲಿ ಮಲಗಬೇಕು? ಊರಿಗೆ ಇಟ್ಟಿಗೆ ಕೊಟ್ಟವನಿಗೇ ಗೋಡೆಯಿಲ್ಲ.

1973ರ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಕಲಮಿನಡಿ ಸರ್ಕಾರ ಒಂದು ಜಾಗವನ್ನು ಕೊಳಗೇರಿ ಎಂದು ಘೋಷಿಸಬೇಕು. ಘೋಷಣೆಯಾಗದ ಬೀದಿ ಕಡತದ ಹೊರಗೇ ಉಳಿಯುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವ ಬಡವರಿಗೆ ಕೇಂದ್ರ 1.5 ಲಕ್ಷ ರೂಪಾಯಿ ಕೊಟ್ಟಿತು. ಆದರೆ ಜಾಗದ ದಾಖಲೆ ಇಲ್ಲದವರು ಅದನ್ನು ಪಡೆಯುವುದು ಹೇಗೆ? ತೀರಾ ಬಡವನೇ ಹೊರಗುಳಿದ. ಹೀಗಾಗಿ ಇಟ್ಟಿಗೆಗಿಂತ ಮೊದಲು ಹಕ್ಕುಪತ್ರ ಬೇಕು.

ನೀರಿನ ಮಾತೂ ಹೀಗೆಯೇ. 2023ರಲ್ಲಿ ಲೋಕಾರ್ಪಣೆಯಾದ ಯರಗೋಳ್ ಅಣೆಕಟ್ಟು ಕೋಲಾರ, ಮಾಲೂರು, ಬಂಗಾರಪೇಟೆಗಳಿಗೆ ಕುಡಿಯುವ ನೀರು ಕೊಡಲೆಂದು ಕಟ್ಟಿದ್ದು. ನೀರು ಮೇಲ್ತೊಟ್ಟಿಗೆ ಏರಿದರೆ ಸಾಲದು, ಕೊನೆಯ ಬೀದಿಯ ನಲ್ಲಿಗೂ ಇಳಿಯಬೇಕು.

ಇಲ್ಲಿ ಸಂಘದ ಬೆಲೆ ತಿಳಿಯುತ್ತದೆ. ಒಬ್ಬ ಹೆಣ್ಣುಮಗಳು ಕಚೇರಿಗೆ ಹೋದರೆ ‘ನಾಳೆ ಬಾಮ್ಮ’ ಎನ್ನುತ್ತಾರೆ. ಇಡೀ ಬೀದಿ ಒಂದಾಗಿ, ಎಷ್ಟು ಮನೆ, ಎಷ್ಟು ಜನ, ಚರಂಡಿ ಎತ್ತ ಹರಿಯುತ್ತದೆ, ಮಳೆಗೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಂಡು ಹೋದರೆ ಸ್ವೀಕೃತಿ ಕೊಡಲೇಬೇಕಾಗುತ್ತದೆ. ಆ ಪಟ್ಟಿಯೇ ನಮ್ಮ ಕೆಲಸದ ಮೊದಲ ಸರ್ವೆ. ‘ಸ್ಲಂ ಜನಾಂದೋಲನ ಕರ್ನಾಟಕ’ದಂತಹ ಸಂಘಟನೆಗಳು ಭೂಮಿ ಮತ್ತು ವಸತಿಯ ಹಕ್ಕಿಗಾಗಿ ದನಿ ಎತ್ತುತ್ತ ಬಂದಿರುವುದೂ ಇದಕ್ಕಾಗಿಯೇ.

ರಾಜಕಾಲುವೆಯ ಮೇಲೆ ಮನೆ ಇರಬಾರದು ಎಂಬುದು ನಿಜ. ಎಂಜಿನಿಯರನಾಗಿ ಅದನ್ನು ಒಪ್ಪುತ್ತೇನೆ. ಆದರೆ ಬದಲಿ ಜಾಗವನ್ನು ಅವರನ್ನು ಕೇಳಿ, ಕೂಲಿಗೆ ಹತ್ತಿರವಾಗಿ ಗೊತ್ತುಮಾಡಬೇಕು. ಊರಾಚೆ ಹತ್ತು ಮೈಲಿ ದೂರ ಒಯ್ದು ಬಿಟ್ಟರೆ ಮನೆ ಸಿಕ್ಕೀತು, ಅನ್ನ ಹೋದೀತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಹೇಳಿದೆ.

ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಶರಣರಿಂದ ಕಲಿತವರು ನಾವು. ಕಾಯಕ ಮಾಡುವವನ ಮನೆಯ ವಿಷಯದಲ್ಲಿ ಮಾತ್ರ ಮೇಲುಕೀಳು ಏಕೆ? ಮಠಗಳ ಒಡನಾಟದಲ್ಲಿರುವ ನಿವೃತ್ತ ಎಂಜಿನಿಯರುಗಳು, ಸರ್ವೆಯವರು, ವಕೀಲರು ತಿಂಗಳಿಗೆ ಎರಡು ಭಾನುವಾರ ಇಂತಹ ಸಂಘಗಳಿಗೆ ಕೊಡೋಣ. ಅಳತೆ ಟೇಪು ಹಿಡಿದು ನಕ್ಷೆ ಬರೆಯಲು, ಅರ್ಜಿ ತಿದ್ದಲು ಜೊತೆ ಕೂರೋಣ. ಇದೂ ದಾಸೋಹವೇ. ನನ್ನ ಹಳೆಯ ಸಹಿಯ ಸಾಲವನ್ನು ನಾನು ಹೀಗೆ ತೀರಿಸಬೇಕೆಂದಿದ್ದೇನೆ.