ದಾನದ ಎಮ್ಮೆಯ ಹಲ್ಲು ಎಣಿಸೋಣ

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅಂತ ಊರಿನ ಹಿರಿಯರು ನಮಗೆ ಬುದ್ಧಿ ಹೇಳ್ತಾರೆ. ಇಸ್ಕೊಂಡು ಕೈ ಮುಗೀಬೇಕು, ಅಷ್ಟೆ. ಆದರೆ ಇಸ್ಕೊಳ್ಳೋನಿಗೆ ನೀತಿ ಹೇಳುವ ಇದೇ ಧರ್ಮ ಕೊಡೋನಿಗೂ ಕಟ್ಟಳೆ ಹಾಕಿದೆ. ಅದು ಏನಾಯ್ತು ಅಂತ ಇವತ್ತು ಕೇಳೋಣ.

ಮೊದಲನೆಯದು, ಮರ್ಯಾದೆಯಿಂದ ಕೊಡು. ತಿರಸ್ಕಾರದಿಂದ ಕೊಟ್ಟದ್ದು ತಾಮಸ ದಾನ ಎಂದು ಭಗವದ್ಗೀತೆಯ 17ನೇ ಅಧ್ಯಾಯ ಹೇಳುತ್ತದೆ. ಪಾತ್ರನನ್ನು ನೋಡಿ ಕೊಡು ಅಂತಲೂ ಅಲ್ಲೇ ಹೇಳುತ್ತದೆ. ನಾವು ಪಾತ್ರರೋ? ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಶೂದ್ರ ಸೇವಕನಿಗೆ ಎಂಜಲು, ಹಳೇ ಬಟ್ಟೆ. ಚಂಡಾಲನಿಗೆ ಹೆಣದ ಬಟ್ಟೆ, ಒಡೆದ ಪಾತ್ರೆಯಲ್ಲಿ ಅನ್ನ. ಹಬ್ಬದ ಮಾರನೇ ದಿನ ಹಿತ್ತಲ ಬಾಗಿಲಲ್ಲಿ ನಮ್ಮ ಅವ್ವಂದಿರ ಸೆರಗಿಗೆ ಮೇಲಿಂದ ಬಿದ್ದ ಹಳಸಲು ಮುದ್ದೆ ಈ ಪುಸ್ತಕದಿಂದಲೇ ಇಳಿದು ಬಂದದ್ದು. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡಿನಲ್ಲಿ ಅದನ್ನು ಸುಟ್ಟದ್ದು ಸುಮ್ಮನೆ ಅಲ್ಲ.

ಎರಡನೆಯದು, ಕೊಟ್ಟದ್ದನ್ನು ಕಿತ್ತುಕೋಬೇಡ. ಅದು ದತ್ತಾಪಹಾರ, ಮಹಾಪಾಪ. ಹಳೆಯ ದಾನಶಾಸನಗಳ ಕೊನೆಯನ್ನು ಯಾರಿಂದಲಾದರೂ ಓದಿಸಿ ಕೇಳಿ: ಕೊಟ್ಟ ಭೂಮಿ ಕಸಿದವನು 60 ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಇರುತ್ತದೆ. ದೇವಸ್ಥಾನದ, ಅಗ್ರಹಾರದ ಗದ್ದೆಗೆ ಹೀಗೆ ಕಲ್ಲೇ ಕಾವಲು.

ನಮ್ಮ ಜನಕ್ಕೆ ಸರ್ಕಾರ ಮಂಜೂರು ಮಾಡಿದ ಒಂದೆರಡು ಎಕರೆ ಕಲ್ಲುನೆಲಕ್ಕೆ ಯಾವ ಶಾಪದ ಕಾವಲೂ ಇರಲಿಲ್ಲ. ಮದುವೆ ಸಾಲಕ್ಕೆ, ರಾಗಿ ಮೂಟೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಹೊಲ ಹೋಯಿತು. ಕಸಿದವರು ಹುಳುವಾಗಲಿಲ್ಲ, ಯಜಮಾನರಾದರು. ಅದೇ ಹೊಲದ ಬೆಳೆಯಲ್ಲಿ ಜಾತ್ರೆಗೆ ಅನ್ನದಾನ ಮಾಡಿ ಗುಡಿ ಗೋಡೆ ಮೇಲೆ ಹೆಸರು ಬರೆಸಿಕೊಂಡರು.

ಇದನ್ನು ತಡೆಯಲೆಂದೇ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಅಥವಾ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು. ಆದರೆ ಬಹಳ ತಡವಾಗಿ ಹಾಕಿದ ಅರ್ಜಿ ನಡೆಯದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಹಾಗಂತ ಕಾಯ್ದೆ ತಾನಾಗಿ ನಡೆದು ಬಂದು ಹೊಲ ಬಿಡಿಸಿಕೊಡೋದಿಲ್ಲ.

ಬಂಧುಗಳೇ, ನಮಗೆ ದಾನ ಬೇಡ. ದಾನ ಮಾಡೋರ ಕಣಜ ತುಂಬಿದ್ದೇ ನಮ್ಮ ಬೆವರಿನಿಂದ. ನಮ್ಮದನ್ನೇ ನಮಗೆ ಚೆಲ್ಲಿ ಅವರು ಪುಣ್ಯ ಕಟ್ಟಿಕೊಳ್ಳೋದೂ ಬೇಡ. ಪೆಟ್ಟಿಗೆ ತಳದಲ್ಲಿರುವ ಸಾಗುವಳಿ ಚೀಟಿ ಹುಡುಕಿ. ಪಹಣಿಯಲ್ಲಿ ಈಗ ಯಾರ ಹೆಸರಿದೆ ನೋಡಿ. ಓದಿದ ಹುಡುಗ ಹುಡುಗಿಯರು ಕೇರಿಯಲ್ಲಿ ಕೂತು ಅರ್ಜಿ ಬರೆದುಕೊಡಿ. ಉಪವಿಭಾಗಾಧಿಕಾರಿ ಕಚೇರಿಗೆ ಒಬ್ಬೊಬ್ಬರೇ ಹೋಗಿ ಬಾಗಿಲಲ್ಲಿ ನಿಲ್ಲೋದು ಬೇಡ, ಒಟ್ಟಿಗೆ ಹೋಗೋಣ.

ಎಮ್ಮೆ ನಮ್ಮದು. ಹಲ್ಲು ನಾವೇ ಎಣಿಸ್ತೇವೆ.

ಜೈ ಭೀಮ್.