ಜಗುಲಿಯ ಮೇಲೊಂದು ಚಲನಚಿತ್ರ

ಕಳೆದ ಮಳೆಗಾಲದ ಒಂದು ರಾತ್ರಿ ಜಗುಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಹಳೆಯ ಕನ್ನಡ ಚಿತ್ರವೊಂದನ್ನು ನೋಡುತ್ತಿದ್ದೆ. ಹಾಸ್ಯದ ಸನ್ನಿವೇಶವೊಂದಕ್ಕೆ ನಾನು ನಕ್ಕು ಎರಡು ನಿಮಿಷ ಕಳೆದಿರಬಹುದು, ಒಳಕೋಣೆಯಿಂದ ನನ್ನ ಪತ್ನಿ ನಕ್ಕ ಸದ್ದು ಕೇಳಿಸಿತು. ಹೋಗಿ ನೋಡಿದರೆ ಆಕೆಯೂ ತನ್ನ ಮೊಬೈಲಿನಲ್ಲಿ ಅದೇ ಚಿತ್ರವನ್ನು ನೋಡುತ್ತಿದ್ದಳು. ಮೂವತ್ತೈದು ವರ್ಷ ಜೊತೆಯಾಗಿ ಬಾಳಿದ ನಾವಿಬ್ಬರು ಒಂದೇ ಸೂರಿನಡಿ, ಒಂದೇ ಚಿತ್ರಕ್ಕೆ, ಬೇರೆ ಬೇರೆಯಾಗಿ ನಗುತ್ತಿದ್ದೆವು. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನಿದ್ರೆ ಬಾರದೆಂದು ಬರುವವರಿಗೆ ಅಶ್ವಗಂಧ ಕೊಟ್ಟು, ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳಿರೆಂದು ಹೇಳಿ ಕಳುಹಿಸುವ ವೈದ್ಯನ ಅವಸ್ಥೆಯಿದು!

ಬಿಳಗಿಯ ಸುತ್ತಲಿನ ಹಳ್ಳಿಗಳಿಂದ ನನ್ನಲ್ಲಿಗೆ ಬರುವ ಹಿರಿಯರ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಹಸಿವಿಲ್ಲ, ನಿದ್ರೆಯಿಲ್ಲ, ಯಾವುದರಲ್ಲಿಯೂ ಮನಸ್ಸಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇರುತ್ತಾರೆ. ತೋಟದ ನಡುವಿನ ದೊಡ್ಡ ಮನೆಯಲ್ಲಿ ಒಬ್ಬರೋ ಇಬ್ಬರೋ. ನಾಡಿ, ನಾಲಿಗೆ, ರಕ್ತದೊತ್ತಡಗಳನ್ನು ನೋಡಿದ ಬಳಿಕ ನಾನು ಈಚೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ಕಡೆಯ ಸಲ ಯಾರ ಜೊತೆ ನಕ್ಕಿರಿ?" ಅಡಿಕೆ ಬೆಳೆಗಾರರೊಬ್ಬರು ಬಹಳ ಹೊತ್ತು ಯೋಚಿಸಿ, "ಟಿವಿ ಜೊತೆಗೆ, ಡಾಕ್ಟ್ರೇ" ಎಂದರು. ನಾವಿಬ್ಬರೂ ನಕ್ಕೆವು. ಅವರ ಮಟ್ಟಿಗೆ ಆ ದಿನದ ಚಿಕಿತ್ಸೆ ಅಲ್ಲಿಗೇ ಅರ್ಧ ಮುಗಿದಿತ್ತೆಂದು ನನಗನಿಸಿತು.

ಇದು ಕೇವಲ ಲೋಕಾಭಿರಾಮದ ಮಾತಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಆಯಾ ವರ್ಗದಲ್ಲಿ ಯಾವುದು ಶ್ರೇಷ್ಠವೆಂದು ಹೇಳುವ ಒಂದು ದೀರ್ಘ ಪಟ್ಟಿಯಿದೆ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವನ್ನು ಅಲ್ಲಿ ಮೊದಲನೆಯದಾಗಿ ಎಣಿಸಲಾಗಿದೆ. ತೃಪ್ತಿಯನ್ನು ಕೊಡುವವುಗಳಲ್ಲಿ ಹರ್ಷವನ್ನು. ಸುಶ್ರುತನಂತೂ ದೋಷ, ಅಗ್ನಿ, ಧಾತುಗಳು ಸಮವಾಗಿದ್ದರೆ ಸಾಲದು, ಮನಸ್ಸೂ ಪ್ರಸನ್ನವಾಗಿದ್ದರೆ ಮಾತ್ರ ಸ್ವಸ್ಥನೆನ್ನುತ್ತಾನೆ.

ಮಠದ ಪತ್ರಿಕೆಯಲ್ಲಿ ಸಿನೆಮಾದ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ನಾನು ಹೇಳಹೊರಟಿರುವುದು ಸಿನೆಮಾದ ವಿಷಯಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಕುಳಿತವರ ವಿಷಯ. ನಮ್ಮ ಬಾಲ್ಯದಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಬಾಯಿ ಕತೆ ಹೇಳುತ್ತಿತ್ತು. ಟೆಂಟ್ ಸಿನೆಮಾದಲ್ಲಿ ರೀಲು ಬದಲಿಸುವ ಬಿಡುವಿನಲ್ಲಿ ಅಪರಿಚಿತರೊಡನೆಯೂ ಮುಂದಿನ ಕತೆಯ ಬಗ್ಗೆ ವಾದ ನಡೆಯುತ್ತಿತ್ತು. ನಮ್ಮ ಸಿದ್ದಾಪುರ ತಾಲ್ಲೂಕಿನ ಗಡಿ ದಾಟಿದರೆ ಸಾಗರ ತಾಲ್ಲೂಕು. ಅಲ್ಲಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಸತ್ಯಜಿತ್ ರಾಯ್, ಕುರೊಸಾವಾರಂಥವರ ಚಿತ್ರಗಳನ್ನು ಹಳ್ಳಿಯ ಜನರೇ ಒಟ್ಟಾಗಿ ಕುಳಿತು ನೋಡಿದರು, ಚರ್ಚಿಸಿದರು. ಪರಭಾಷೆಯ ಚಿತ್ರವನ್ನು ಒಟ್ಟಿಗೆ ನೋಡಿ ದಕ್ಕಿಸಿಕೊಂಡ ಸೀಮೆಯ ನೆರೆಯವರು ನಾವು. ಇಂದು ಮಾತೃಭಾಷೆಯ ಚಿತ್ರವನ್ನು ಹೊದಿಕೆಯೊಳಗೆ ಒಬ್ಬಂಟಿಯಾಗಿ ನೋಡಿ ಮುಗಿಸುತ್ತಿದ್ದೇವೆ.

ನನ್ನ ಮನೆಯಲ್ಲಿ ಈಗ ಶನಿವಾರ ಸಂಜೆ ಟಿವಿಯನ್ನು ಜಗುಲಿಗೆ ತರುತ್ತೇವೆ. ಏಳು ಗಂಟೆಯೊಳಗೆ ಹಗುರವಾದ ಊಟ ಮುಗಿದಿರಬೇಕು, ಏಕೆಂದರೆ ತೆರೆಯ ಮೇಲೆ ಕಣ್ಣಿಟ್ಟು ಉಂಡದ್ದು ಎಷ್ಟೆಂಬುದು ಉಂಡವನಿಗೇ ತಿಳಿಯುವುದಿಲ್ಲ. ಹತ್ತರೊಳಗೆ ಚಿತ್ರ ಮುಗಿಯಬೇಕು. ರಾತ್ರಿಯ ಜಾಗರಣೆ ದೇಹಕ್ಕೆ ರೂಕ್ಷತೆಯನ್ನು ತರುತ್ತದೆ, ವಾತ ಪ್ರಕೃತಿಯವರಿಗಂತೂ ಸಲ್ಲದು. (ಕುಳಿತಲ್ಲಿಯೇ ತೂಕಡಿಸುವುದಕ್ಕೆ ವಾಗ್ಭಟನ ಆಕ್ಷೇಪವಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಈ ಸಂಗತಿ ಬಹಳ ಹಿಡಿಸಿದೆ.) ರಕ್ತಪಾತದ ಚಿತ್ರಗಳು ಬೇಡ. ಮೊದಲ ವಾರ ನಾವು ನೋಡಿದ್ದು 'ನಮ್ಮೂರ ಮಂದಾರ ಹೂವೇ'. ಯಾಣದ ಬಂಡೆ ಕಾಣಿಸಿದ್ದೇ ತಡ, ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು: ಯಾರು ಯಾವಾಗ ನಡೆದು ಹೋಗಿದ್ದರು, ಯಾರ ಕಾಲಿಗೆ ಎಷ್ಟು ಉಂಬಳ ಹತ್ತಿದ್ದವು. ಅನಂತರದ ಅರ್ಧ ಗಂಟೆಯ ಕತೆ ಯಾರಿಗೂ ತಿಳಿಯಲಿಲ್ಲ. ಅದು ನಷ್ಟವೆಂದು ನನಗನಿಸಲಿಲ್ಲ.

ಒಂದು ಮಾತನ್ನು ವೈದ್ಯನಾಗಿ ಹೇಳಲೇಬೇಕು. ವಾರಗಟ್ಟಲೆ ಬಿಡದ ಖಿನ್ನತೆ, ಬದುಕೇ ಬೇಡವೆಂಬ ಯೋಚನೆ ಇವು ಸಿನೆಮಾದಿಂದ ಹೋಗುವಂಥವಲ್ಲ, ನನ್ನ ಕಷಾಯವೊಂದರಿಂದಲೂ ಅಲ್ಲ. ಮನೋವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಸಲಹೆ ದೊರೆಯುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕಳೆದ ತಿಂಗಳು 1974ರ 'ಭೂತಯ್ಯನ ಮಗ ಅಯ್ಯು' ಹಾಕಿದ್ದೆವು. ಹಗೆತನಕ್ಕೆ ಬಿದ್ದು ಕೋರ್ಟು ಕಚೇರಿ ಅಲೆದು ಹಾಳಾಗುವವರ ಕತೆ ಅದು. ಬೇಲಿಯ ತಕರಾರಿನಿಂದ ಎರಡು ವರ್ಷ ಮಾತು ಬಿಟ್ಟಿದ್ದ ನಮ್ಮೂರಿನ ಇಬ್ಬರು ಹಿರಿಯರು ಅಂದು ಬಂದಿದ್ದರು. ಒಬ್ಬರು ಬರುವುದು ಇನ್ನೊಬ್ಬರಿಗೆ ತಿಳಿದಿರಲಿಲ್ಲ; ನಿಜ ಹೇಳಬೇಕೆಂದರೆ ನಾನೂ ತಿಳಿಸಿರಲಿಲ್ಲ. ಜಗುಲಿಯ ಎರಡು ತುದಿಗಳಲ್ಲಿ ಕುಳಿತೇ ಕಡೆಯವರೆಗೂ ನೋಡಿದರು. ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಮಳೆ ಜೋರಾಗಿತ್ತು, ಕರೆಂಟೂ ಹೋಯಿತು. ಇಬ್ಬರಲ್ಲಿ ಟಾರ್ಚು ತಂದಿದ್ದವರು ಒಬ್ಬರೇ. ಆ ಒಂದೇ ಬೆಳಕಿನಲ್ಲಿ ಇಬ್ಬರೂ ತೋಟದ ದಾರಿ ಇಳಿದು ಹೋದುದನ್ನು ನಾನೂ ನನ್ನ ಪತ್ನಿಯೂ ಜಗುಲಿಯಲ್ಲಿ ನಿಂತು ನೋಡಿದೆವು.